ಡ್ರೈವರ್ ಕಾಕಾನ ಪ್ರೋಟೀನ್ ಬಾರ್

ಅವರು ಮೊದಲ ಸಲ ನನ್ನ ಕೋಣೆಗೆ ಬಂದದ್ದು ಹೊಟ್ಟೆಯ ತೊಂದರೆ ಹೇಳಿಕೊಳ್ಳಲು. ಮೆಹದಿಪಟ್ಟಣಂ ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದಾದಷ್ಟು ಹತ್ತಿರದ ಆಸ್ಪತ್ರೆ ನಮ್ಮದು. ನಾನು ಅಲ್ಲಿ ಡಯಟಿಷಿಯನ್. ಸಕ್ಕರೆ ಕಾಯಿಲೆಯ ಡಾಕ್ಟರು ಪಕ್ಕದ ಕೋಣೆಯಲ್ಲಿ ಕೂರುತ್ತಾರೆ. ಊಟ ತಿಂಡಿಯ ವಿಚಾರ ಬಿಡಿಸಿ ಹೇಳಬೇಕಾದವರನ್ನು ನನ್ನ ಕಡೆ ಕಳಿಸುತ್ತಾರೆ. ಹಾಗೆ ಬಂದವರು ಈ ಸಿಟಿ ಬಸ್ ಡ್ರೈವರು. ಐವತ್ತು ದಾಟಿದ ವಯಸ್ಸು. ಒಗೆದು ಒಗೆದು ಬಣ್ಣ ಮಾಸಿದ್ದರೂ ಇಸ್ತ್ರಿ ಕೆಡದ ಖಾಕಿ ಅಂಗಿ. ಕುರ್ಚಿಯ ಅಂಚಿನಲ್ಲಿ ಕೂತು, ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿ, ತೆಲುಗಿನಲ್ಲಿ ಏನನ್ನೋ ಸುತ್ತಿ ಬಳಸಿ ಹೇಳತೊಡಗಿದರು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ನಾರಾಯಣಗೂಡದ ಮನೆಯಿಂದ ಅವ್ವ. "ಪೇಶಂಟ್ ಕುಂತಾರವ್ವಾ, ಆಮ್ಯಾಲೆ ಮಾಡ್ತೀನಿ" ಎಂದು ಇಟ್ಟೆ.

ತಲೆಯೆತ್ತಿ ನೋಡಿದರೆ ಅವರ ಮುಖವೇ ಬೇರೆಯಾಗಿತ್ತು. "ಅಯ್ಯ, ನಮ್ಮ ಮಂದೀನ ಅದೀರಲ್ರಿ ಮೇಡಂ! ಯಾವೂರ್ರಿ ನಿಮ್ಮದು?"

"ಅಜ್ಜ ಕಲಬುರ್ಗಿಯಿಂದ ನೌಕರಿಗೆ ಬಂದವರು. ನಾವೆಲ್ಲ ಇಲ್ಲೇ ಹುಟ್ಟಿದವರು. ನೀವು ಕಾಕಾ?"

"ಹುಮನಾಬಾದ ಕಡೆಯವ್ರು. ಸ್ಟೇರಿಂಗ್ ಹಿಡದ ಮ್ಯಾಲೆ ಈ ಊರ ಬಿಟ್ಟು ಹೋಗೇ ಇಲ್ರಿ." ಕುರ್ಚಿಯಲ್ಲಿ ಸರಿಯಾಗಿ ಹಿಂದಕ್ಕೆ ಕೂತರು. ಆಮೇಲೆ ಮಾತು ನೇರವಾಗಿ ಬಂತು. "ಹೊಟ್ಟಿ ಭಾಳ ಕಾಡಾಕತ್ತೈತ್ರಿ. ಗುಡುಗುಡು ಅಂತೈತಿ, ಗ್ಯಾಸು, ಒಮ್ಮೊಮ್ಮೆ ತಡಕೊಳ್ಳಾಕ ಆಗೂದುಲ್ಲ. ಗಾಡಿ ನಡಿಸೂ ಮನಷ್ಯಾ ನಾನು. ನಡು ರಸ್ತಾದಾಗ ಗಾಡಿ ನಿಲ್ಲಿಸಿ ಎಲ್ಲಿ ಹೋಗ್ಲಿರಿ?"

ಬೆಳಗಿನಿಂದ ಏನೇನು ತಿಂದಿರಿ ಎಂದು ಕೇಳಿದೆ. ಅವರು ಅಂಗಿಯ ಜೇಬಿನಿಂದ ಒಂದು ಪ್ರೋಟೀನ್ ಬಾರ್ ತೆಗೆದು, ಎರಡೂ ಕೈಯಿಂದ ಮೇಜಿನ ಮೇಲಿಟ್ಟರು. "ಇದರೀ. ನನ್ನ ಮಗಳು ತಂದಾಳ."

ಮಗಳ ಕತೆ ಹೇಳುವಾಗ ಹೊಟ್ಟೆಯ ಕತೆ ಮರೆತೇಹೋಯಿತು ಅವರಿಗೆ. ಒಬ್ಬಳೇ ಮಗಳು. ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಹೆಂಡತಿ ಸದ್ಯಕ್ಕೆ ಹುಮನಾಬಾದಿನಲ್ಲಿ, ಸೊಂಟ ಮುರಿದುಕೊಂಡು ಮಲಗಿದ್ದ ತನ್ನ ತಾಯಿಯ ಆರೈಕೆಯಲ್ಲಿದ್ದಳು. ಮನೆಯಲ್ಲಿ ತಂದೆ ಮಗಳು ಇಬ್ಬರೇ. ಹೆಂಡತಿ ಊರಿಗೆ ಹೋದ ಮೇಲೆ ಬುತ್ತಿ ಕಟ್ಟುವವರಿಲ್ಲದೆ ಇವರು ನಿಲ್ದಾಣದ ಪೂರಿ, ಮಿರ್ಚಿ ಬಜ್ಜಿ, ಸಕ್ಕರೆ ಸುರಿದ ಚಹಾದ ಮೇಲೆ ದಿನ ತಳ್ಳಿದರು. ರಕ್ತದ ಸಕ್ಕರೆ ಏರಿತು. ಡಾಕ್ಟರು ಬೈದು ಮಾತ್ರೆ ಹೆಚ್ಚಿಸಿದರು. ಮಗಳಿಗೆ ಗಾಬರಿ. ಮೊದಲ ಪಗಾರ ಬಂದ ಸಂಜೆ ಅಂಗಡಿಗೆ ಹೋಗಿ, ಒಂದೊಂದು ಹೊದಿಕೆಯ ಮೇಲಿನ ಸಣ್ಣ ಅಕ್ಷರ ಓದಿ, 'ಸಕ್ಕರೆ ಸೇರಿಸಿಲ್ಲ' ಎಂದು ಬರೆದಿದ್ದ ಡಬ್ಬವನ್ನೇ ಆರಿಸಿ ತಂದಳು.

"ನನಗ ಅಂಗಿ ತಂದಿದ್ರ ಇಷ್ಟ ಖುಷಿ ಆಗ್ತಿದ್ದಿಲ್ರಿ," ಅಂದರು. "ಅಪ್ಪಾ, ಇನ್ನ ಮ್ಯಾಲೆ ಬಜ್ಜಿ ಬಂದ್, ಇದನ್ನ ತಿನ್ರಿ ಅಂತ ಆಣಿ ಹಾಕ್ಸ್ಯಾಳ. ರಿಪೋರ್ಟ ನೋಡ್ರಿ ಬೇಕಾದ್ರ."

ನೋಡಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ನಿಜಕ್ಕೂ ಚೆನ್ನಾಗಿ ಇಳಿದಿತ್ತು. ಡಾಕ್ಟರು ಚೀಟಿಯ ಮೂಲೆಯಲ್ಲಿ ಮೆಚ್ಚುಗೆಯ ಒಂದು ಮಾತು ಗೀಚಿದ್ದರು.

ನಾನು ಬಾರ್‌ನ ಬೆನ್ನು ತಿರುಗಿಸಿದೆ. ಮುಂಭಾಗದಲ್ಲಿ ಏನೇ ದೊಡ್ಡದಾಗಿ ಬರೆದಿರಲಿ, ನಾವು ಓದುವುದು ಹಿಂದಿನ ಪಟ್ಟಿಯನ್ನು. ಯಾವ ಪದಾರ್ಥ ಹೆಚ್ಚೋ ಅದು ಮೊದಲು ಬರುತ್ತದೆ. ಇದರಲ್ಲಿ ಹಾಲಿನ ಪ್ರೋಟೀನು ಮೊದಲಿತ್ತು, ಒಳ್ಳೆಯದೇ. ಎರಡನೆಯದು ಮಾಲ್ಟಿಟಾಲ್, ಮೂರನೆಯದು ಚಿಕೋರಿ ಬೇರಿನ ನಾರು. ಹೊಟ್ಟೆಯ ಗುಟ್ಟು ಅಲ್ಲೇ ಇತ್ತು. ಮಾಲ್ಟಿಟಾಲ್ ಸಕ್ಕರೆಯಂತೆ ಸಿಹಿ ಕೊಡುತ್ತದೆ, ಆದರೆ ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ಕೆಳಗಿಳಿದು ನೀರು ಎಳೆದುಕೊಳ್ಳುತ್ತದೆ, ಹುಳಿತು ಗ್ಯಾಸಾಗುತ್ತದೆ. ಚಿಕೋರಿ ನಾರೂ ಹಾಗೇ. ಅಭ್ಯಾಸವಿಲ್ಲದ ಹೊಟ್ಟೆಗೆ ಎರಡೂ ಒಟ್ಟಿಗೆ ಬಿದ್ದರೆ ಗುಡುಗದೆ ಇನ್ನೇನು ಮಾಡೀತು.

ಇದನ್ನೆಲ್ಲ ಹೇಳಿ, ಶೇಂಗಾ ಬಾದಾಮಿ ಹೆಚ್ಚಿಗೆ ಇರುವ, ಮಾಲ್ಟಿಟಾಲ್ ಇಲ್ಲದ ಬೇರೆ ಬಾರ್ ಹೇಗೆ ಗುರುತಿಸಬೇಕೆಂದು ಮಗಳಿಗೆ ತೋರಿಸಲು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಕಾಕಾ ಚೀಟಿಯನ್ನು ಮಡಿಸಿ ಬಾರ್‌ನ ಜೊತೆಗೇ ಜೇಬಿಗಿಟ್ಟುಕೊಂಡರು. "ಆಕಿಗೆ ಕೆಟ್ಟ ಅನಸಬಾರ್ದ್ರಿ ಮೇಡಂ. ಮಾಲು ಖರಾಬ್ ಐತಿ ಅಂತ ಬರದಿಲ್ಲಲ್ಲ?"

"ಇಲ್ಲ ಕಾಕಾ. ಮಗಳು ಶಾಣ್ಯಾ ಅದಾಳ ಅಂತ ಬರದೀನಿ."

ಮುಂದಿನ ಭೇಟಿಗೆ ಬಂದಾಗ ಹೊಟ್ಟೆ ಶಾಂತವಾಗಿತ್ತು. ಕೆಲಸ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಕೆಲವು ವಾರಗಳ ನಂತರ, ಬೆಳಗಿನ ಹೊತ್ತು, ಅವರ ಬಸ್ಸಿನ ಕಂಡಕ್ಟರು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ವಯಸ್ಸಿನ ತೆಲುಗು ಹೆಂಗಸು, ಹೆಗಲಿಗೆ ಟಿಕೆಟ್ ಮಷಿನ್ನಿನ ಚೀಲ. ಬಸ್ಸು ನಿಲ್ದಾಣದಲ್ಲಿ ನಿಂತಿದೆ, ಮುಂದಿನ ಟ್ರಿಪ್ಪಿಗೆ ಸ್ವಲ್ಪ ಬಿಡುವಿದೆ, ಅಷ್ಟರಲ್ಲಿ ಓಡಿ ಬಂದೆ ಅಂದಳು. ಡ್ರೈವರು ಯಾವಾಗಲೂ ನನ್ನ ಹೆಸರು ಹೇಳುತ್ತಿದ್ದರಂತೆ.

ಅವಳು ಹೇಳಿದ್ದು ಹೀಗೆ. ಈಚೆಗೆ ಅವರು ಮೊದಲಿನಂತಿಲ್ಲ. ಒಬ್ಬ ಮುದುಕಿ ಹತ್ತುವುದು ತಡವಾದದ್ದಕ್ಕೆ ಗದರಿಬಿಟ್ಟರು. ಇಷ್ಟು ವರ್ಷದಲ್ಲಿ ಅವರು ದನಿ ಎತ್ತರಿಸಿದ್ದನ್ನು ಅವಳು ಕೇಳಿರಲಿಲ್ಲ. ಚಳಿಯ ಬೆಳಗಿನಲ್ಲೂ ಕುತ್ತಿಗೆಯೆಲ್ಲ ಬೆವರು. ಇವತ್ತು ಒಂದು ಸ್ಟಾಪಿನಲ್ಲಿ ಜನ ಕೈಯೆತ್ತಿ ನಿಂತಿದ್ದರೂ ನಿಲ್ಲಿಸದೆ ಹೊರಟುಹೋದರು. ಕೂಗಿದರೆ, "ಯಾವ ಸ್ಟಾಪು?" ಎಂದು ಕೇಳಿದರು. "ಕುಡಿಯುವ ಮನುಷ್ಯ ಅಲ್ಲ ಮೇಡಂ," ಅಂದಳು, ಕಣ್ಣು ತುಂಬಿಕೊಂಡು. "ಆದರೆ ನೋಡಿದವರು ಹಾಗೇ ಅಂದುಕೊಳ್ಳುತ್ತಾರೆ. ಯಾರಾದರೂ ದೂರು ಕೊಡುವ ಮೊದಲು ನೀವು ಒಮ್ಮೆ ನೋಡಿ."

ಅವಳ ಮಾತು ಕೇಳುತ್ತಿದ್ದಂತೆ ನನಗೆ ಅವರ ಔಷಧಿ ಚೀಟಿ ನೆನಪಾಯಿತು. ಮಾತ್ರೆಗಳಲ್ಲಿ ಒಂದು, ಮೇದೋಜೀರಕವನ್ನು ಒತ್ತಾಯಿಸಿ ಇನ್ಸುಲಿನ್ ಹೊರಡಿಸುವಂಥದ್ದು. ಅದನ್ನು ನುಂಗಿದವರು ಹೊತ್ತಿಗೆ ಸರಿಯಾಗಿ ಊಟ ಮಾಡಲೇಬೇಕು. ಹೊಟ್ಟೆಗೆ ಅನ್ನವೋ ರೊಟ್ಟಿಯೋ ಬೀಳಲಿ ಬಿಡಲಿ, ಮಾತ್ರೆ ತನ್ನ ಪಾಡಿಗೆ ಸಕ್ಕರೆ ಇಳಿಸುತ್ತಲೇ ಇರುತ್ತದೆ. ಡಾಕ್ಟರು ಅದರ ಪ್ರಮಾಣ ಹೆಚ್ಚಿಸಿದ್ದು ಪೂರಿ ಬಜ್ಜಿಯ ಕಾಲದಲ್ಲಿ. ಈಗ ಪೂರಿಯೂ ಇಲ್ಲ, ಬಜ್ಜಿಯೂ ಇಲ್ಲ. ಆ ಜಾಗದಲ್ಲಿ ಏನಿದೆ ಎಂದು ನಾನು ಸರಿಯಾಗಿ ಕೇಳಿರಲೇ ಇಲ್ಲ. ಬಾರ್‌ನಲ್ಲಿ ಏನಿದೆ ಎಂದು ಅಕ್ಷರ ಅಕ್ಷರ ಓದಿದ್ದೆ. ಅದನ್ನು ತಿಂದಾಗ ಏನನ್ನು ತಿನ್ನುವುದು ಬಿಟ್ಟಿರಿ ಎಂಬ ಪ್ರಶ್ನೆ ನನ್ನ ಬಾಯಿಂದ ಬಂದಿರಲಿಲ್ಲ.

ಗ್ಲುಕೋಮೀಟರ್ ತೆಗೆದುಕೊಂಡು ಕಂಡಕ್ಟರಳ ಹಿಂದೆಯೇ ಹೊರಟೆ. ನಿಲ್ದಾಣದ ಗದ್ದಲದಲ್ಲಿ ಅವರ ಬಸ್ಸು ನೆರಳಿಗೆ ನಿಂತಿತ್ತು. ಮುಂದಿನ ಸೀಟುಗಳಲ್ಲಿ ಆಗಲೇ ಜನ ಬಂದು ಕೂತಿದ್ದರು. ತೊಡೆಯ ಮೇಲೆ ಕಾಯಿಪಲ್ಲೆಯ ಚೀಲ ಇಟ್ಟುಕೊಂಡ ಹೆಂಗಸೊಬ್ಬಳು ಮಗುವಿಗೆ ಬಾಳೆಹಣ್ಣು ಸುಲಿಯುತ್ತಿದ್ದಳು. ಕಾಕಾ ತಮ್ಮ ಸೀಟಿನಲ್ಲೇ ಇದ್ದರು. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದರಲ್ಲಿ ಅರ್ಧ ತಿಂದ ಬಾರ್. ಅಂಗಿ ಬೆನ್ನಿಗೆ ಅಂಟಿತ್ತು.

"ಕಾಕಾ," ಅಂದೆ.

ನಿಧಾನಕ್ಕೆ ತಿರುಗಿದರು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಮೇಡಂ... ನೀವ್ಯಾಕ ಬಂದ್ರಿ ಇಲ್ಲಿ?"

"ಬೆರಳು ಕೊಡ್ರಿ."

ಸೂಜಿ ಚುಚ್ಚಿ, ರಕ್ತದ ಹನಿಯನ್ನು ಪಟ್ಟಿಗೆ ಮುಟ್ಟಿಸಿದೆ. ಯಂತ್ರ ತೋರಿಸಿದ್ದು ಐವತ್ತೆಂಟು. ಎಪ್ಪತ್ತಕ್ಕಿಂತ ಕೆಳಗೆ ಬಂದರೇ ಅಪಾಯ ಅನ್ನುತ್ತೇವೆ.

"ಚಕ್ಕರ್ ಬರ್ತೈತಿ ಕಾಕಾ? ತಲಿ ತಿರಗತೈತಿ?"

"ಆಗಾಗ ಬರ್ತೈತ್ರಿ. ಚಕ್ಕರ್ ಬಂದ್ರ ಇದನ್ನ ತಿಂತೀನಿ." ಬಾರ್ ತೋರಿಸಿದರು. "ತಾಕತ್ತಿಂದು ಅಲ್ರಿ ಇದು?"

ಸಕ್ಕರೆ ಕುಸಿದಾಗ ದೇಹಕ್ಕೆ ಬೇಕಾದದ್ದು ತಟ್ಟನೆ ರಕ್ತಕ್ಕಿಳಿಯುವ ಸಕ್ಕರೆ. ಅವರ ಕೈಯಲ್ಲಿದ್ದದ್ದು ಸಕ್ಕರೆ ಇಲ್ಲದ್ದು, ಪ್ರೋಟೀನು ಕೊಬ್ಬು ತುಂಬಿದ್ದು, ನಿಧಾನವಾಗಿ ಕರಗುವಂಥದ್ದು. ತಾವು ಸರಿಮಾಡಿಕೊಳ್ಳುತ್ತಿದ್ದೇವೆ ಎಂಬ ನಂಬಿಕೆಯಲ್ಲಿ ಅವರು ಅದನ್ನು ಅಗಿಯುತ್ತಾ ಗಾಡಿ ಓಡಿಸಿದ್ದರು.

ಕಂಡಕ್ಟರು ನಾನು ಹೇಳುವ ಮೊದಲೇ ಚಹಾದ ಅಂಗಡಿಗೆ ಓಡಿ, ಒಂದು ಲೋಟದ ನೀರಿಗೆ ಸಕ್ಕರೆ ಸುರಿದು ಕದಡಿಕೊಂಡು ಬಂದಳು. ಕಾಕಾ ಲೋಟ ನೋಡಿ ಮುಖ ತಿರುಗಿಸಿದರು. "ಸಕ್ಕರಿ ಬ್ಯಾಡ್ರಿ. ಮಗಳಿಗೆ ಮಾತ ಕೊಟ್ಟೀನಿ."

"ಮಗಳಿಗೆ ನಾ ಹೇಳ್ತೀನಿ. ಈಗ ಕುಡೀರಿ."

"ಆಕಿ ಬೈತಾಳ..."

"ಕುಡೀರಿ ಕಾಕಾ. ಆಕಿ ಇಲ್ಲಿದ್ದಿದ್ರ ಆಕೀನ ಕುಡಸ್ತಿದ್ಲು."

ಅದಕ್ಕೆ ಮಣಿದರು. ಗಟಗಟ ಕುಡಿದರು. ಕಾಲು ಗಂಟೆ ಕಾದು ಮತ್ತೆ ಬೆರಳು ಚುಚ್ಚಿದೆ. ತೊಂಬತ್ತರ ಆಚೆ ಬಂದಿತ್ತು. ನಿದ್ದೆಯಿಂದ ಎದ್ದವರಂತೆ ಅವರು ಸುತ್ತಲೂ ನೋಡಿದರು. ಕನ್ನಡಿಯಲ್ಲಿ ಹಿಂದಿನ ಸೀಟುಗಳು ಕಂಡವು. ಬಸ್ಸು ತುಂಬಿತ್ತು.

"ಈಗ ಆರಾಮ ಅನಸ್ತೈತ್ರಿ," ಅಂದರು. ಕೈ ಗಾಡಿಯ ಕೀಲಿಯ ಕಡೆ ಹೋಯಿತು. "ಟೈಮ್ ಆತು. ಹೊರಡ್ತೀನಿ."

"ಇಲ್ಲ ಕಾಕಾ. ಇವತ್ತು ನೀವು ಗಾಡಿ ನಡಸಂಗಿಲ್ಲ."

ಸಕ್ಕರೆ ಸರಿಹೋದರೂ ತಲೆ ಪೂರ್ತಿ ಚುರುಕಾಗಲು ಮುಕ್ಕಾಲು ಗಂಟೆಯಾದರೂ ಬೇಕು. ಅದಕ್ಕಿಂತ ಹೆಚ್ಚಾಗಿ, ಬೆಳಗಿನ ಮಾತ್ರೆ ಇನ್ನೂ ಒಳಗೆ ಕೆಲಸ ಮಾಡುತ್ತಲೇ ಇತ್ತು. ಇನ್ನೊಂದು ಸಲ ಇಳಿಯಬಹುದಿತ್ತು. ಇದನ್ನೆಲ್ಲ ಮೆಲುದನಿಯಲ್ಲಿ ಹೇಳಿದೆ. ಅವರು ನನ್ನ ಕಡೆ ಬಾಗಿ, ಹಿಂದಿನವರಿಗೆ ಕೇಳದಂತೆ ಕೇಳಿಕೊಂಡರು.

"ಮೇಡಂ, ನಿಮಗ ಕೈ ಮುಗೀತೀನಿ. ಇದನ್ನ ಹೊರಗ ಹೇಳಬ್ಯಾಡ್ರಿ. ಸುಗರ್ ಮನಷ್ಯಾ, ಗಾಡಿ ಮ್ಯಾಲೆ ಬೇಹೋಶ್ ಆಗ್ತಾನ ಅಂತ ಒಮ್ಮೆ ಹೆಸರು ಬಿದ್ರ ಮುಗೀತು. ಸ್ಟೇರಿಂಗ್ ಮುಟ್ಟಗೊಡೂದುಲ್ಲ. ನಾಳಿಂದ ಬರೋಬ್ಬರಿ ಉಣತೀನಿ. ನನ್ನ ಮಾತ ನಂಬ್ರಿ."

ನನಗೆ ಅವರ ಮಾತಿನ ಮೇಲೆ ನಂಬಿಕೆಯಿತ್ತು. ಆ ಮಾತ್ರೆಯ ಮೇಲೆ ಇರಲಿಲ್ಲ. ರೋಗಿಯ ವಿಷಯ ಹೊರಗೆ ಆಡಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಆದರೆ ಬಸ್ಸಿನೊಳಗೆ ಬಾಳೆಹಣ್ಣು ತಿನ್ನುತ್ತಿದ್ದ ಆ ಮಗುವಿತ್ತು. ಆಮೇಲೆ ಹೇಳಿದೆ: "ಕಾಕಾ, ನಾ ಹೇಳಿದ್ರ ದೂರು ಹೇಳಿದಂಗ ಆಗ್ತೈತಿ. ನೀವ ಹೋಗಿ ಹೇಳ್ರಿ. ಮೈಯಾಗ ಆರಾಮಿಲ್ಲ, ಡಾಕ್ಟರ್ ಕಡೆ ಹೊಂಟೀನಿ, ಬ್ಯಾರೆ ಡ್ರೈವರ್‌ನ ಕಳಸ್ರಿ ಅಂತ. ನಾ ಬಾಜೂಕ ನಿಂತಿರ್ತೀನಿ. ನೀವು ಹೇಳದಿದ್ರ ಮಾತ್ರ ನಾ ಹೇಳಬೇಕಾಗ್ತೈತಿ."

ಅವರು ಸ್ಟೇರಿಂಗ್ ಮೇಲೆ ಎರಡೂ ಅಂಗೈ ಇಟ್ಟರು. ಕನ್ನಡಿಯಲ್ಲಿ ಮತ್ತೊಮ್ಮೆ ಹಿಂದೆ ನೋಡಿದರು. ಆಮೇಲೆ ಕೀಲಿ ತೆಗೆದು, ಸೀಟಿನಿಂದ ಇಳಿದು, ನಿಲ್ದಾಣದ ಕಂಟ್ರೋಲರ್ ಕೋಣೆಯ ಕಡೆ ತಾವೇ ನಡೆದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗಿನಿಂದ ಅವರ ತೆಲುಗು ಸ್ಪಷ್ಟವಾಗಿ ಕೇಳಿಸಿತು. ಸಕ್ಕರೆ ಇಳಿದಿತ್ತು, ಒಂದು ಸ್ಟಾಪು ಬಿಟ್ಟುಹೋಯಿತು, ಈಗ ಗಾಡಿ ಓಡಿಸುವುದು ಸರಿಯಲ್ಲ ಎಂದು, ಏನೂ ಮುಚ್ಚಿಡದೆ ಹೇಳಿದರು. ನಾನು ಕಲಿಸಿಕೊಟ್ಟದ್ದಕ್ಕಿಂತ ಹೆಚ್ಚೇ ಹೇಳಿದರು.

ಡಾಕ್ಟರು ಆ ಮಾತ್ರೆಯನ್ನು ಅವತ್ತೇ ನಿಲ್ಲಿಸಿದರು, ಇನ್ನೊಂದನ್ನು ಉಳಿಸಿದರು. ಸಕ್ಕರೆ ಸ್ಥಿರವಾಗಿ, ಒಮ್ಮೆಯೂ ಕುಸಿಯದೆ ನಿಲ್ಲುವ ತನಕ ಗಾಡಿ ಓಡಿಸಬಾರದು ಎಂದು ಬರೆದುಕೊಟ್ಟರು. ಡಿಪೊದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಸರಾಸರಿ ಚೆನ್ನಾಗಿ ಕಂಡದ್ದೇಕೆ ಎಂಬುದೂ ಆಗ ಬಿಡಿಸಿಕೊಂಡಿತು: ದಿನಕ್ಕೊಮ್ಮೆ ತೀರಾ ಕೆಳಗಿಳಿದರೆ ಸರಾಸರಿಯೂ ಕೆಳಗೇ ತೋರುತ್ತದೆ. ನಾವೆಲ್ಲ ಮೆಚ್ಚಿಕೊಂಡಿದ್ದು ಅದನ್ನೇ.

ಅದೇ ದಿನ ಸಂಜೆ ಮಗಳು ಆಸ್ಪತ್ರೆಗೆ ಬಂದಳು. ದಿಲ್‌ಸುಖ್‌ನಗರದಿಂದ ಮೆಟ್ರೊ ಹಿಡಿದು, ಆಟೊ ಬದಲಿಸಿ ಓಡೋಡಿ ಬಂದಿದ್ದಳು. ಕೈಬೆರಳುಗಳಲ್ಲಿ ಇನ್ನೂ ಮಾರ್ಕರಿನ ಮಸಿ. ನಾನು ಆದಷ್ಟು ಮೆತ್ತಗೆ ವಿವರಿಸಿದೆ. ಅವಳು ಗಣಿತದವಳು, ಅರ್ಧದಲ್ಲೇ ಪೂರ್ತಿ ಹಿಡಿದುಬಿಟ್ಟಳು. ಹಿಡಿದದ್ದೇ ಕಷ್ಟವಾಯಿತು.

"ಅಂದ್ರ ನಾ ನಮ್ಮಪ್ಪಗ ವಿಷ ತಂದ ಕೊಟ್ನೇನ್ರಿ?"

"ಇಲ್ಲವ್ವಾ."

"ಎಲ್ಲಾ ಓದೇ ತಂದಿದ್ದೆ ಅಕ್ಕಾ. ಸಕ್ಕರಿ ಎಷ್ಟು, ಪ್ರೋಟೀನ್ ಎಷ್ಟು, ಎಲ್ಲಾ." ಮಸಿಯ ಬೆರಳಿನಿಂದಲೇ ಕಣ್ಣೊರೆಸಿಕೊಂಡಳು. "ಚಕ್ಕರ್ ಬಂದಾಗೂ ಅಪ್ಪ ಅದನ್ನ ತಿಂದಾರ. ನನ್ನ ಮಾತು ಮೀರಬಾರದಂತ."

ಕಾಕಾ ಮೂಲೆಯ ಕುರ್ಚಿಯಿಂದ ಎದ್ದು ಬಂದು ಅವಳ ತಲೆಯ ಮೇಲೆ ಕೈ ಇಟ್ಟರು. "ಏ ನನ್ನವ್ವಾ, ಅಳಬ್ಯಾಡ. ರುಚಿ ಛಲೋನ ಇತ್ತು ಅದು." ಅದು ಸುಳ್ಳು ಎಂದು ಮೂವರಿಗೂ ಗೊತ್ತಿತ್ತು. ಆ ಬಾರ್‌ಗಳು ಒದ್ದೆ ಮಣ್ಣಿನ ಹಾಗಿರುತ್ತವೆ. ಮಗಳು ಅಳುತ್ತಲೇ ನಕ್ಕಳು.

ಸಮಾಧಾನವಾದ ಮೇಲೆ ಕಣ್ಣೊರೆಸಿಕೊಂಡು ನೇರವಾಗಿ ಕೇಳಿದಳು: "ಒಂದ ಮಾತಿನ್ಯಾಗ ಹೇಳ್ರಿ ಅಕ್ಕಾ. ಈ ಬಾರ್ ಒಳ್ಳೇದೋ ಕೆಟ್ಟದ್ದೋ?"

ನನ್ನ ಕೋಣೆಗೆ ಬರುವ ಅರ್ಧ ಜನ ಕೇಳುವ ಪ್ರಶ್ನೆ ಅದು. ಅವಳಿಗೆ ನಾನು ಹೇಳಿದ್ದು ಒಂದು ಮಾತಿನಲ್ಲಿ ಮುಗಿಯಲಿಲ್ಲ. ಅಂಗಡಿಯಲ್ಲಿ ಸಿಗುವ ಎಷ್ಟೋ ಬಾರ್‌ಗಳು ಪ್ರೋಟೀನ್ ಬೆರೆಸಿದ ಚಾಕೊಲೇಟ್ ಅಷ್ಟೇ. ಪಟ್ಟಿಯಲ್ಲಿ ಸಕ್ಕರೆಯೋ ಸಿರಪ್ಪೋ ಮೊದಲ ಸಾಲಿನಲ್ಲೇ ಕೂತಿರುತ್ತದೆ. ಕೆಲವು ನಿಜಕ್ಕೂ ಚೆನ್ನಾಗಿರುತ್ತವೆ. ಎರಡು ಊಟದ ನಡುವೆ ಹಸಿವಾದಾಗ, ಕೈಗೆ ಇನ್ನೇನೂ ಸಿಗದಾಗ, ಬಜ್ಜಿಗಿಂತ ಅಂಥದ್ದು ಎಷ್ಟೋ ಮೇಲು. ಒಂದು ಹಿಡಿ ಪುಟಾಣಿ, ಅಂದರೆ ಹುರಿಗಡಲೆ, ಒಂದಿಷ್ಟು ಹುರಿದ ಶೇಂಗಾ, ಒಂದು ಬೇಯಿಸಿದ ಮೊಟ್ಟೆ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತವೆ. ಆದರೆ ಊಟದ ಜಾಗದಲ್ಲಿ ಅದನ್ನು ಕೂರಿಸಿದರೆ ಆಗುವುದಿಲ್ಲ. ಅದರಲ್ಲೂ ಇಂಥ ಮಾತ್ರೆ ತೆಗೆದುಕೊಳ್ಳುವವರಿಗೆ.

"ನೀ ತಂದ ಬಾರ್ ಕೆಟ್ಟದ್ದಿರಲಿಲ್ಲ," ಅಂದೆ. "ಅಪ್ಪ ಅದನ್ನ ಊಟ ಅಂತ ತಿಂದರು. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ."

ಮುಂದಿನ ದಿನಗಳು ನೇರವಾಗಿ ಸಾಗಲಿಲ್ಲ. ಮಾತ್ರೆ ನಿಂತಿತು, ಆದರೆ ಭಯ ಹೊಕ್ಕಿತು. ಸಕ್ಕರೆ ಇಳಿದೀತು ಎಂಬ ಹೆದರಿಕೆಗೆ ಕಾಕಾ ಡಿಪೊದಲ್ಲಿ ಗಳಿಗೆಗೊಮ್ಮೆ ಸಿಹಿ ಚಹಾ ಕುಡಿಯತೊಡಗಿದರು; ಮಗಳು ಮಲಗುವ ಮುಂಚೆ ಒತ್ತಾಯ ಮಾಡಿ ಬಾಳೆಹಣ್ಣು, ಬಿಸ್ಕೀಟು ತಿನ್ನಿಸಿದಳು. ಯಂತ್ರದ ಅಂಕಿ ಇನ್ನೂರ ನಲವತ್ತಕ್ಕೆ ಹಾರಿತು. ಡಾಕ್ಟರು ತಲೆ ಆಡಿಸಿದರು. ಮತ್ತೆ ಮೊದಲಿನಿಂದ ಶುರು.

ಕಾಕಾ, ಮಗಳು, ನಾನು ಮೂವರೂ ಕೂತು, ಅವರು ಮತ್ತೆ ಗಾಡಿ ಹತ್ತಿದಾಗಿನ ಡ್ಯೂಟಿಯ ದಿನವನ್ನು ಬಿಡಿಸಿ ನೋಡಿದೆವು. ಬೆಳಕು ಹರಿಯುವ ಮುಂಚೆ ಮನೆ ಬಿಡಬೇಕು, ಆಗ ಹೊಟ್ಟೆಗೆ ಏನೂ ಸೇರುವುದಿಲ್ಲ. ಮೊದಲ ಟ್ರಿಪ್ಪು ಮುಗಿದಾಗ ಸ್ವಲ್ಪ ಬಿಡುವು. ಮಧ್ಯಾಹ್ನದ ಊಟಕ್ಕೆ ಗೊತ್ತಾದ ಹೊತ್ತಿಲ್ಲ. ಸಂಚಾರ ದಟ್ಟಣೆ ಹೇಗೆ ಬಿಡುತ್ತದೋ ಹಾಗೆ. ಹಾಗಾಗಿ ಹೊರಡುವಾಗ ಒಂದು ಲೋಟ ಮಜ್ಜಿಗೆ ಅಂಬಲಿ ಮಾತ್ರ. ಮೊದಲ ಬಿಡುವಿನಲ್ಲಿ ಒಂದೂವರೆ ಜೋಳದ ರೊಟ್ಟಿ, ಪಲ್ಯ, ಮೊಳಕೆ ಹೆಸರುಕಾಳು. ಉಳಿದದ್ದು ಮಧ್ಯಾಹ್ನಕ್ಕೆ. ಎಲ್ಲೋ ಸಿಕ್ಕಿಹಾಕಿಕೊಂಡು ಊಟ ತಡವಾಗುವ ದಿನ, ನಡುವೆ ಪುಟಾಣಿ ಶೇಂಗಾ, ಇಲ್ಲವೇ ಅರ್ಧ ಬಾರ್. ಊಟದ ಡಬ್ಬಿಯನ್ನು ಬಿಟ್ಟು ಬಾರ್ ಒಂದನ್ನೇ ತಿನ್ನುವಂತಿಲ್ಲ.

"ರೊಟ್ಟಿ ಬಡಿಯೂರು ಯಾರು?" ಎಂದು ಮಗಳು ಕೇಳಿದಳು. ಅವಳಿಗೆ ಬರುತ್ತಿರಲಿಲ್ಲ.

"ನಾ ಕಲಿತೀನಿ," ಅಂದರು ಕಾಕಾ. ಡಿಪೊದ ಕೆಲಸ ತಡವಾಗಿ ಶುರುವಾಗುತ್ತಿದ್ದರಿಂದ ಬೆಳಗ್ಗೆ ಹೊತ್ತಿತ್ತು. ಹುಮನಾಬಾದಿನಿಂದ ಹೆಂಡತಿ ವಿಡಿಯೊ ಕರೆಯಲ್ಲಿ ಹೇಳಿಕೊಟ್ಟಳು. ಎಸರು ಕುದಿಯಬೇಕು, ಹಿಟ್ಟು ಬಿಸಿ ಇರುವಾಗಲೇ ನಾದಬೇಕು, ಅಂಗೈ ಬಿಗಿ ಹಿಡಿಯಬಾರದು. "ಸ್ಟೇರಿಂಗ್ ಹಿಡದಂಗ ಹಿಡೀಬ್ಯಾಡ್ರಿ ಅಂತ ನಗ್ತಾಳ್ರಿ ಆಕಿ," ಎಂದು ನನಗೆ ಹೇಳುವಾಗ ಅವರಿಗೂ ನಗು. ಮೊದಮೊದಲು ಹರಿದವು, ಆಮೇಲೆ ದಪ್ಪಗಾದವು, ಆಮೇಲೆ ಗುಂಡಗಾದವು. ಸಕ್ಕರೆಯೂ ಹಾಗೇ ನಿಧಾನಕ್ಕೆ ಹದಕ್ಕೆ ಬಂತು. ಬೆಳಗ್ಗೆ, ಊಟಕ್ಕೆ ಮೊದಲು, ಊಟದ ನಂತರ ಚುಚ್ಚಿ ನೋಡಿ ನೋಡಿ ಅವರ ಬೆರಳ ತುದಿಗಳೆಲ್ಲ ಗಟ್ಟಿಯಾಗಿದ್ದವು. ಒಂದು ಸಲವೂ ಕುಸಿಯಲಿಲ್ಲ.

ಕೊನೆಯದಾಗಿ ಒಂದು ಕೆಲಸ ಬಾಕಿಯಿತ್ತು. ಗಾಡಿ ಓಡಿಸುವವರು ಎಷ್ಟೇ ಜಾಗ್ರತೆಯಾಗಿದ್ದರೂ ಗ್ಲೂಕೋಸ್ ಪುಡಿಯ ಪೊಟ್ಟಣ ಜೊತೆಯಲ್ಲಿರಬೇಕು. ಕೈ ನಡುಗಿದರೆ, ಬೆವರಿದರೆ, ಕಾರಣವಿಲ್ಲದೆ ಸಿಟ್ಟು ಬಂದರೆ, ಗಾಡಿ ಬದಿಗೆ ನಿಲ್ಲಿಸಿ ಅದನ್ನು ಬಾಯಿಗೆ ಹಾಕಿಕೊಳ್ಳಬೇಕು. ನಾನು ಕೊಟ್ಟರೆ ಕಾಕಾ ಮತ್ತೆ ಮಗಳ ಆಣೆಗೆ ಅಂಜಿ ಮುಟ್ಟಲಿಕ್ಕಿಲ್ಲ ಎಂದು ಪೊಟ್ಟಣಗಳನ್ನು ಮಗಳ ಕೈಗೇ ಕೊಟ್ಟೆ. ಅವಳು ಅವನ್ನು ಸ್ವಲ್ಪ ಹೊತ್ತು ನೋಡಿದಳು. ಮನೆಯಲ್ಲಿ ಸಕ್ಕರೆಯ ಡಬ್ಬಿಯನ್ನೇ ಅಟ್ಟಕ್ಕೆ ಏರಿಸಿಟ್ಟವಳು ಅವಳು. ಆಮೇಲೆ ತಂದೆಯ ಖಾಕಿ ಅಂಗಿಯ ಜೇಬಿನಲ್ಲಿ ಒಂದೊಂದಾಗಿ ಇಟ್ಟು, ಗುಂಡಿ ಹಾಕಿ, ಮೇಲೊಮ್ಮೆ ತಟ್ಟಿದಳು.

"ಇದನ್ನ ತಿಂದ್ರ ನಾ ಬೈಯಂಗಿಲ್ಲ ಅಪ್ಪಾ. ತಿನ್ನದಿದ್ರ ಬೈತೀನಿ."

"ಆತು ನನ್ನವ್ವಾ."

ಡಾಕ್ಟರು ಗಾಡಿ ಓಡಿಸಲು ಅಡ್ಡಿಯಿಲ್ಲ ಎಂದು ಬರೆದುಕೊಟ್ಟದ್ದು ಒಂದು ಮಧ್ಯಾಹ್ನ. ಡಿಪೊದವರು ಮಾಡಿಸುವ ಪರೀಕ್ಷೆ ಹಿಂದಿನ ದಿನವೇ ಮುಗಿದಿತ್ತು. ಕಾಕಾ ಕಾಗದವನ್ನು ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿದರು. ಕಂಡಕ್ಟರಿಗೆ ಫೋನ್ ಮಾಡಿ ತೆಲುಗಿನಲ್ಲಿ ಜೋರಾಗಿ ಹೇಳಿದರು. ಆ ಕಡೆಯಿಂದ ಅವಳ ಕೂಗು ನನ್ನ ಮೇಜಿನ ತನಕ ಕೇಳಿಸಿತು. ಅಷ್ಟರಲ್ಲಿ ಮಗಳು ಉಳಿದ ಕ್ಲಾಸುಗಳಿಗೆ ರಜೆ ಕೇಳಿಕೊಂಡು ಬಂದಳು. ಕಾಗದ ನೋಡಿ ತಂದೆಯ ತೋಳು ಹಿಡಿದುಕೊಂಡು ನಿಂತಳು. ಮುಖ ಬಾಡಿತ್ತು. ಖುಷಿಯ ನಡುವೆಯೂ ದಣಿವು ಕಾಣುತ್ತಿತ್ತು.

"ಉಂಡಿಯೇನು ನೀ?" ಎಂದು ಕಾಕಾ ಕೇಳಿದರು.

"ಹೂಂ ಅಪ್ಪಾ."

ಅವಳ ಚೀಲದ ಪಕ್ಕದ ಜೇಬಿನಿಂದ ಹೊಳೆಯುವ ಹೊದಿಕೆಯೊಂದು ಇಣುಕುತ್ತಿತ್ತು. ಕಾಕಾ ಎರಡು ಬೆರಳಿನಿಂದ ಅದನ್ನು ಎಳೆದರು. ಖಾಲಿ. "ಇದನೇನು ಉಂಡದ್ದು?"

"ಟೈಮ್ ಇದ್ದಿದ್ದಿಲ್ಲ ಅಪ್ಪಾ. ಒಂದರ ಹಿಂದ ಒಂದು ಕ್ಲಾಸು."

"ದಿನಾ ಇದನ?"

ಅವಳು ಹೊದಿಕೆ ಇಸಕೊಂಡು ಮುದುರಿ, "ಹೆಚ್ಚೂಕಡಿಮಿ ದಿನಾ," ಅಂದಳು. ಇಷ್ಟು ವಾರ ಅವಳ ತಂದೆಯ ಒಂದೊಂದು ತುತ್ತನ್ನೂ ಕೇಳಿ ತಿಳಿದುಕೊಂಡಿದ್ದೆ. ಎದುರಿಗೇ ಕೂತಿದ್ದ ಅವಳು ಏನು ತಿನ್ನುತ್ತಿದ್ದಾಳೆಂದು ನನಗೂ ಗೊತ್ತಿರಲಿಲ್ಲ.

ಕಾಕಾ ಬೈಯಲಿಲ್ಲ. ಅವಳ ಕೈ ಹಿಡಿದುಕೊಂಡು ಹೋಗಿ ನನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಬಿಚ್ಚಿದರು. ಅವರೇ ಬಡಿದ ರೊಟ್ಟಿ, ಮೆಂತ್ಯ ಪಲ್ಯ, ಮೂಲೆಯಲ್ಲಿ ಶೇಂಗಾ ಚಟ್ನಿ.

"ಇದು ನಿಮ್ಮದು ಅಪ್ಪಾ."

"ನಂದು ಹೊತ್ತಿಗೆ ಸರಿಯಾಗಿ ಆಗೈತಿ. ಇದು ಹೆಚ್ಚಿಗಿ ಕಟ್ಟಿದ್ದು." ರೊಟ್ಟಿ ಮುರಿದು, ಪಲ್ಯ ಇಟ್ಟು ಅವಳ ಕೈಗೆ ಕೊಟ್ಟರು. "ಉಣ್ಣು."

ಅವಳು ತಿಂದಳು. ಎರಡನೆಯ ತುತ್ತಿಗೆ ಹಣೆ ಸುಕ್ಕಾಯಿತು. "ಅಪ್ಪಾ, ಉಪ್ಪು ಜಾಸ್ತಿ ಆಗೈತಿ."

"ನಿಮ್ಮವ್ವಗ ಹೇಳಬ್ಯಾಡ."

ಅವಳು ನಗುತ್ತಾ ಮತ್ತೊಂದು ತುತ್ತಿಗೆ ತಾನೇ ಕೈ ಹಾಕಿದಳು. ಕಾಕಾ ಪಕ್ಕದಲ್ಲಿ ಕೂತು ನೀರಿನ ಬಾಟಲಿಯ ಮುಚ್ಚಳ ತೆಗೆದು ಹಿಡಿದಿದ್ದರು. ಡಬ್ಬಿಯ ತಳ ಕಾಣಿಸಿತು. ಆಮೇಲೆ ಅಂದರು: "ನಾಳಿಂದ ಎರಡು ಡಬ್ಬಿ ಕಟ್ತೀನಿ."

ಅವಳು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ತಲೆಯಾಡಿಸಿದಳು.